ತೈಪೆಯ ಮೂರು ರಾತ್ರಿ ಸಂತೆ: ಸಾವಿರ ರೂಪಾಯಿಯ ಹಣ್ಣು ತಿಂದ ಮೇಲೆ ನನ್ನ ಓಟು ರಾವ್‌ಹೆಗೆ

ಶನಿವಾರ ರಾತ್ರಿ ಹತ್ತು ಗಂಟೆ. ತೈವಾನಿನ ರಾಜಧಾನಿ ತೈಪೆಯ ಜಿಯಾನ್‌ಟಾನ್ ಮೆಟ್ರೋ ಸ್ಟೇಷನ್ ಹೊರಗೆ ಫುಟ್‌ಪಾತ್ ಮೇಲೆ ನಿಂತು ನಾನೂ ನನ್ನ ಗೆಳೆಯನೂ ಹಠಕ್ಕೆ ಬಿದ್ದವರ ಹಾಗೆ ಮಾವಿನಹಣ್ಣು ತಿನ್ನುತ್ತಿದ್ದೆವು. ಹಸಿವೆ ಇರಲಿಲ್ಲ. ಬಿಸಾಡಲು ಮನಸ್ಸು ಬರಲಿಲ್ಲ, ಅಷ್ಟೇ. ಆ ಒಂದು ಚೀಲಕ್ಕೆ ಕೊಟ್ಟದ್ದು ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಸಾವಿರ ರೂಪಾಯಿ.

ಅದು ಶಿಲಿನ್ ರಾತ್ರಿ ಸಂತೆಯಲ್ಲಿ ಆದದ್ದು. ಆಮೇಲಿನ ಎರಡು ಶನಿವಾರ ನಿಂಗ್‌ಶಿಯಾ ಮತ್ತು ರಾವ್‌ಹೆ ಸಂತೆಗಳಿಗೆ ಹೋಗಿ ಬಂದೆವು. ನನಗೆ ಹಿಡಿಸಿದ್ದು ರಾವ್‌ಹೆ. ಅದನ್ನು ಕೊನೆಯವರೆಗೆ ಮುಚ್ಚಿಡುವ ಆಟ ಬೇಡ.

ನಾವಿಬ್ಬರೂ ಶಿಂಚುವಿನಲ್ಲಿ ಕೆಲಸ ಮಾಡುವವರು. ಚಿಪ್ ಕಂಪನಿಗಳ ಊರು ಅದು. ಸಂಜೆ ಆರರ ಮೇಲೆ ಅಲ್ಲಿ ಮಾಡುವುದಕ್ಕೆ ಏನೂ ಇಲ್ಲ ಅಂತಲ್ಲ, ಆದರೆ ತೈಪೆ ರೈಲಿನಲ್ಲಿ ಒಂದೂಕಾಲು, ಒಂದೂವರೆ ಗಂಟೆ ದೂರ ಇರುವಾಗ ಯಾಕೆ ಸುಮ್ನೆ ಕೂರಬೇಕು? ನಾನು ಮಂಗಳೂರಿನವನು, ಮೀನು ಮಾಂಸ ಏನಾದರೂ ಸರಿ. ಗೆಳೆಯ ಧಾರವಾಡದವನು, ಸಸ್ಯಾಹಾರಿ. ಮೊಟ್ಟೆ ತಿನ್ನುತ್ತಾನೆ, ಮನೆಗೆ ಹೇಳಿಲ್ಲ. ಜುಲೈ ತಿಂಗಳ ಮೂರು ಶನಿವಾರ, ಒಬ್ಬೊಬ್ಬರಿಗೆ 500 ತೈವಾನ್ ಡಾಲರ್ ಮಿತಿ. ಹೋಟೆಲಿನ ಒಳಗೆ ಕೂರುವ ಹಾಗಿಲ್ಲ, ಬೀದಿಯಲ್ಲಿ ಸಿಕ್ಕಿದ್ದೇ ರಾತ್ರಿ ಊಟ. ಇಷ್ಟೇ ನಮ್ಮ ನಿಯಮ.

ಮೊದಲು ಹೋದದ್ದು ಶಿಲಿನ್‌ಗೆ, ಯಾಕೆಂದರೆ ಎಲ್ಲರೂ ಅದರ ಹೆಸರೇ ಹೇಳುತ್ತಾರೆ. ಇಲ್ಲಿ ಒಂದು ಮಾತು ನೆನಪಿಡಿ: ಶಿಲಿನ್ ಸಂತೆಗೆ ಹೋಗಲು ಶಿಲಿನ್ ಸ್ಟೇಷನ್‌ನಲ್ಲಿ ಇಳಿಯಬಾರದು, ಜಿಯಾನ್‌ಟಾನ್‌ನಲ್ಲಿ ಇಳಿಯಬೇಕು. ಸಂತೆ ದೊಡ್ಡದು. ಬಟ್ಟೆ, ಚಪ್ಪಲಿ, ಫೋನ್ ಕವರು, ಬಲೂನಿಗೆ ಗುರಿ ಇಡುವ ಆಟ, ಎಲ್ಲ ಇದೆ. ನಮ್ಮ ಜಾತ್ರೆಯ ಹಾಗೆಯೇ, ತೇರು ಒಂದಿಲ್ಲ. ಮುಖಕ್ಕಿಂತ ಅಗಲವಾದ ಕೋಳಿ ಕಟ್ಲೆಟ್ ತಿಂದೆ, ಚೆನ್ನಾಗಿತ್ತು. ಅಲ್ಲಿಯವರೆಗೆ ಶಿಲಿನ್ ಮೇಲೆ ನನಗೆ ಏನೂ ದೂರು ಇರಲಿಲ್ಲ.

ಹಣ್ಣಿನ ಗಾಡಿ ಸಿಕ್ಕಿದ್ದು ಆಮೇಲೆ. ಮಾವು, ಸೀಬೆ, ಅನಾನಸ್ ಹೆಚ್ಚಿ ಬಲ್ಬಿನ ಕೆಳಗೆ ಒಡವೆ ಜೋಡಿಸಿದ ಹಾಗೆ ಇಟ್ಟಿದ್ದರು. ಅಂಗಡಿಯಾಕೆ ಕೇಳುವ ಮೊದಲೇ ಕಡ್ಡಿಗೆ ಒಂದು ಮಾವಿನ ತುಂಡು ಚುಚ್ಚಿ ಕೈಗೆ ಕೊಟ್ಟಳು. ತಿಂದೆ. ಇಲ್ಲಿನ ಕೆಂಪು ಸಿಪ್ಪೆಯ ಮಾವು ನಮ್ಮ ಆಪೂಸಿನ ಮುಂದೆ ಸ್ವಲ್ಪ ಸಪ್ಪೆಯೇ, ಆದರೂ ಊರು ಬಿಟ್ಟು ಎರಡು ವರ್ಷ ಆದವನಿಗೆ ಜುಲೈನಲ್ಲಿ ಮಾವು ಅಂದರೆ ಮಾವು. ಬೋರ್ಡಿನ ಮೇಲೆ ದಪ್ಪಗೆ 80 ಅಂತ ಬರೆದಿತ್ತು. ಕಿಲೋಗೆ ಎಂಬತ್ತು ಅಂದುಕೊಂಡು ತಲೆ ಆಡಿಸಿದೆ. ಆಕೆಯ ಕೈ ಎಷ್ಟು ಚುರುಕು ಅಂದರೆ, ನಾನು ‘ಸಾಕು’ ಅನ್ನುವುದನ್ನು ಚೀನೀ ಭಾಷೆಯಲ್ಲಿ ನೆನಪು ಮಾಡಿಕೊಳ್ಳುವಷ್ಟರಲ್ಲಿ ಚೀಲ ತುಂಬಿ, ತಕ್ಕಡಿ ಏರಿ, ಇಳಿದೂ ಆಗಿತ್ತು. ಯಂತ್ರದಲ್ಲಿ 360 ಅಂತ ಒತ್ತಿ ತೋರಿಸಿದಳು.

ತಕ್ಕಡಿಯಲ್ಲಿ ಮೋಸ ಇರಲಿಲ್ಲ. ಅದೇ ಜಾಸ್ತಿ ಉರಿಯುವುದು. 80ರ ಕೆಳಗೆ ಚಿಕ್ಕದಾಗಿ ಎರಡು ಅಕ್ಷರ ಇದ್ದವು, ಅರ್ಧ ಜಿನ್ ಅಂತ. ಇಲ್ಲಿನ ಸಂತೆಯಲ್ಲಿ ತೂಕ ಇನ್ನೂ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ. ತೈವಾನಿನ ಒಂದು ಜಿನ್ ಅಂದರೆ 600 ಗ್ರಾಂ. ಚೀನಾದಲ್ಲಿ ಇದೇ ಹೆಸರಿನ ತೂಕ 500 ಗ್ರಾಂ, ಅದು ಬೇರೆ ತಲೆನೋವು. ಹಾಗಾಗಿ ಎಂಬತ್ತು ಡಾಲರ್ 300 ಗ್ರಾಮಿಗೆ. ನನ್ನ ಚೀಲದಲ್ಲಿದ್ದದ್ದು 1,350 ಗ್ರಾಂ. ನಾಲ್ಕೂವರೆ ಪಾಲು, 360 ಡಾಲರ್. ಲೆಕ್ಕ ಪಕ್ಕಾ. ಹೆಚ್ಚಿದ ಹಣ್ಣು ವಾಪಸ್ ಕೊಡಲು ಬಾಯಿ ಬರುತ್ತದೆಯೇ? ಕೊಟ್ಟು ಬಂದೆ.

“ಮೊದ್ಲ ರೇಟ್ ಕೇಳೂದು ಬ್ಯಾಡೇನಲೇ?” ಅಂದ ಗೆಳೆಯ. ಈ ಪ್ರಶ್ನೆ ನನಗೆ! ಮಂಗಳೂರಿನ ಮೀನು ಮಾರ್ಕೆಟ್‌ನಲ್ಲಿ ಅಮ್ಮನ ಹಿಂದೆ ನಿಂತು ಚೌಕಾಸಿ ಕಲಿತವನು ನಾನು. ಬಂಗುಡೆ ಮುಟ್ಟಿ ನೋಡುವ ಮೊದಲು ರೇಟು, ರೇಟು ಕೇಳಿದ ಮೇಲೆ ಎರಡು ಹೆಜ್ಜೆ ಹಿಂದೆ, ಇದು ನಮ್ಮ ಮನೆಯ ಪಾಠ. ಭಾಷೆ ಬಾರದ ಊರಿನಲ್ಲಿ ಮೊದಲು ಮರೆತುಹೋಗುವುದೇ ಇಂಥ ಪಾಠ ನೋಡಿ.

ಗೋಳು ಅಲ್ಲಿಗೆ ಮುಗಿಯಲಿಲ್ಲ. ಮೆಟ್ರೋ ಒಳಗೆ ತಿನ್ನುವ ಹಾಗಿಲ್ಲ, ನೀರನ್ನೂ ಕುಡಿಯುವ ಹಾಗಿಲ್ಲ. ದಂಡ 1,500 ಡಾಲರಿನಿಂದ 7,500ರವರೆಗೆ. ಹೆಚ್ಚಿದ ಹಣ್ಣನ್ನು ಆ ಸೆಖೆಯಲ್ಲಿ ಶಿಂಚುವರೆಗೆ ಒಯ್ದರೆ ಪಾನಕ ಆಗುತ್ತದೆ. ಅದಕ್ಕೇ ಸ್ಟೇಷನ್ ಎದುರು ನಿಂತು ಮುಗಿಸಿದ್ದು. “ತಿನ್ನು ಮಾರಾಯ, ತುಂಡಿಗೆ ಇಪ್ಪತ್ತು ರೂಪಾಯಿ” ಅಂತ ನಾನು, “ನೀನ ತಿನ್ನಲೇ, ರೊಕ್ಕ ನಿಂದು” ಅಂತ ಅವನು. ನಿಜ ಹೇಳಬೇಕೆಂದರೆ ಸೀಬೆ ಚೆನ್ನಾಗಿತ್ತು. ಮೇಲೆ ಉದುರಿಸಲು ಒಂದು ಪುಡಿ ಕೊಡುತ್ತಾರೆ, ಉಪ್ಪು ಹಾಕಿ ಒಣಗಿಸಿದ ಪ್ಲಮ್ ಹಣ್ಣಿನದು. ಹುಳಿ, ಸಿಹಿ, ಉಪ್ಪು ಮೂರೂ ಒಟ್ಟಿಗೆ. ನಮ್ಮ ಉಪ್ಪು ಖಾರಕ್ಕೆ ಅದು ಸಾಟಿ ಅಲ್ಲ, ಆದರೂ ಪರವಾಗಿಲ್ಲ.

ಖಾಲಿ ಚೀಲ, ಕಡ್ಡಿಗಳನ್ನು ಹಿಡಿದು ಕಸದಬುಟ್ಟಿ ಹುಡುಕಿದ್ದು ಇನ್ನೊಂದು ಕತೆ. ತೈಪೆಯ ಬೀದಿಗಳಲ್ಲಿ ಕಸದಬುಟ್ಟಿ ಅಪರೂಪ. 2000ನೇ ಇಸವಿಯಿಂದ ಇಲ್ಲಿ ಮನೆಯ ಕಸಕ್ಕೆ ಸರ್ಕಾರದ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳಬೇಕು. ಸಂಜೆ ಸಂಗೀತ ಹಾಕಿಕೊಂಡು ಲಾರಿ ಬಂದಾಗ ಜನ ತಾವೇ ಹೋಗಿ ಹಾಕಬೇಕು. ನಮ್ಮೂರ ಕಸದ ಆಟೋ ಹಾಡು ಹಾಕಿಕೊಂಡು ಬರುವ ಹಾಗೆಯೇ. ಬೀದಿಯಲ್ಲಿ ಬುಟ್ಟಿ ಇಟ್ಟರೆ ಮನೆಯ ಕಸ ಅಲ್ಲಿಗೇ ಬರುತ್ತದೆ ಅಲ್ವಾ, ಅದಕ್ಕೆ ಇಡುವುದಿಲ್ಲ. ಮೂರೂ ಸಂತೆಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಹಳೆಯ ಪ್ಲಾಸ್ಟಿಕ್ ಚೀಲ ಇರಲಿ.

ಎರಡನೆಯ ಶನಿವಾರ ನಿಂಗ್‌ಶಿಯಾ. ಚಿಕ್ಕ ಸಂತೆ, ಒಂದೇ ಬೀದಿ. ಶುವಾಂಗ್‌ಲಿಯಾನ್ ಸ್ಟೇಷನ್‌ನಿಂದ ಹತ್ತು ನಿಮಿಷ ನಡಿಗೆ. ಬಟ್ಟೆ ಬರೆ ಇಲ್ಲವೇ ಇಲ್ಲ ಅನ್ನಬಹುದು, ಬರೀ ತಿಂಡಿ. ರುಚಿಗೆ ಮಾತ್ರ ಅಂಕ ಕೊಡುವುದಾದರೆ ಮೊದಲನೆಯ ಸ್ಥಾನ ಇದಕ್ಕೇ, ಒಪ್ಪುತ್ತೇನೆ. ಇಲ್ಲಿ ಸಿಂಪಿಯ ಆಮ್ಲೆಟ್ ತಿಂದೆ. ಮೊಟ್ಟೆ, ಸೊಪ್ಪು, ಗೆಣಸಿನ ಹಿಟ್ಟಿನ ಅಂಟು, ನಡುನಡುವೆ ಚಿಕ್ಕ ಚಿಕ್ಕ ಸಿಂಪಿ, ಮೇಲೆ ಸಿಹಿಯಾದ ಕೆಂಪು ಸಾಸ್. ಮರುವಾಯಿ ಸುಕ್ಕ, ಅಂದರೆ ನಮ್ಮ ಕಡೆಯ ಚಿಪ್ಪುಮೀನಿನ ಖಾರದ ಪಲ್ಯ, ತಿಂದು ಬೆಳೆದವನಿಗೆ ಆ ಸಿಹಿ ಸಾಸ್ ಯಾಕೆ ಅಂತ ಅರ್ಥ ಆಗಲಿಲ್ಲ. ಮುಂದಿನ ಸಲ ಸಾಸ್ ಬೇಡ ಅನ್ನುತ್ತೇನೆ.

ಕೆಸುವಿನ ಗೆಡ್ಡೆಯ ಉಂಡೆ ಮಾತ್ರ ಮರೆಯುವ ಹಾಗಿಲ್ಲ. ಬೇಯಿಸಿ ಮೆದ್ದ ಗೆಡ್ಡೆಯನ್ನು ಉಂಡೆ ಕಟ್ಟಿ ಎಣ್ಣೆಯಲ್ಲಿ ಕರಿಯುತ್ತಾರೆ. ಹೊರಗೆ ಗರಿಗರಿ, ಒಳಗೆ ಬೆಣ್ಣೆಯ ಹಾಗೆ ಮೆತ್ತಗೆ. ಎಲೆಯಲ್ಲಿ ಪತ್ರೊಡೆ ಮಾಡುವ ನಮಗೆ ಗೆಡ್ಡೆಯಲ್ಲಿ ಹೀಗೂ ಮಾಡಬಹುದು ಅಂತ ಹೊಳೆದೇ ಇರಲಿಲ್ಲ. ಎರಡು ಬಗೆ ಇದೆ, ಒಂದು ಸಾದಾ, ಇನ್ನೊಂದರ ಒಳಗೆ ಉಪ್ಪು ಹಾಕಿಟ್ಟ ಮೊಟ್ಟೆಯ ಹಳದಿ ಮತ್ತು ಎಳೆ ಎಳೆಯಾದ ಒಣ ಹಂದಿಮಾಂಸ. ಗೆಳೆಯ ಸಾದಾ ತೆಗೆದುಕೊಂಡ. ಸಾಲು ಮಾತ್ರ ಅರ್ಧ ಗಂಟೆ. ನಿಂಗ್‌ಶಿಯಾದ ತೊಂದರೆಯೇ ಅದು: ಎರಡು ಸಾಲು ಗಾಡಿಗಳ ನಡುವೆ ಇರುವ ದಾರಿ ಕಿರಿದು, ನಿಲ್ಲುವವರು, ನಡೆಯುವವರು, ತಿನ್ನುವವರು ಎಲ್ಲ ಅಲ್ಲೇ. ಒಂದು ಕೈಯಲ್ಲಿ ಬಿಸಿ ಉಂಡೆ ಹಿಡಿದು ನಿಲ್ಲಲು ಒಂದು ಮೂಲೆ ಸಿಗಲಿಲ್ಲ.

ಗಬ್ಬು ನಾರುವ ಟೋಫು ಮೂರೂ ಕಡೆ ಇದೆ. ವಾಸನೆ ಚರಂಡಿಯದು, ರುಚಿ ಪನೀರಿನದು.

ಇನ್ನು ರಾವ್‌ಹೆ. ಇದನ್ನು ಮೆಚ್ಚಲು ನನಗಿರುವ ಮೊದಲ ಕಾರಣ ತಿಂಡಿಯೇ ಅಲ್ಲ, ರೈಲು. ಸಂತೆ ಇರುವುದು ಸೋಂಗ್‌ಶಾನ್ ಸ್ಟೇಷನ್ ಪಕ್ಕದಲ್ಲೇ. ಮೆಟ್ರೋ ಮಾತ್ರವಲ್ಲ, ಶಿಂಚು ಕಡೆಯ ಸಾದಾ ರೈಲೂ ಅಲ್ಲೇ ನಿಲ್ಲುತ್ತದೆ. ಬುಲೆಟ್ ರೈಲಿಗೆ ಕೊಡುವ ದುಡ್ಡು ಉಳಿಯುತ್ತದೆ, ಆ ದುಡ್ಡಲ್ಲಿ ಇನ್ನೂ ಎರಡು ತಿಂಡಿ ಆಗುತ್ತದೆ. ತೈಪೆಯಲ್ಲೇ ಇರುವವರಿಗೆ ಈ ಅಂಕ ಲೆಕ್ಕಕ್ಕಿಲ್ಲ, ಗೊತ್ತು.

ಬಾಗಿಲಲ್ಲೇ ಸಿಯೋ ದೇವಸ್ಥಾನ. 1753ರದ್ದು ಅಂತ ಹೇಳುತ್ತಾರೆ. ದೇವಿ ಮಾತ್ಸು, ಕಡಲಿಗೆ ಹೋದವರನ್ನು ಕಾಯುವವಳು. ಕರಾವಳಿಯವನಾದ ನಾನು ಕೈ ಮುಗಿದೇ ಒಳಗೆ ಹೋದೆ. ಸಂತೆ ಸುಮಾರು 600 ಮೀಟರ್ ಉದ್ದದ ನೇರ ಬೀದಿ. ನಡುವೆ ಒಂದು ಸಾಲು ಗಾಡಿ, ಎರಡೂ ಪಕ್ಕ ಅಂಗಡಿ. ಬಲಗಡೆಯಿಂದ ಹೋಗಿ ಆ ತುದಿಯಲ್ಲಿ ತಿರುಗಿ ಮತ್ತೆ ಬಲಗಡೆಯಿಂದಲೇ ಬರಬೇಕು. ಹೋಗುವಾಗ ನೋಡು, ಬರುವಾಗ ತಿನ್ನು. ಶಿಲಿನ್‌ನಲ್ಲಿ ನಾವು ಒಂದೇ ಚಪ್ಪಲಿ ಅಂಗಡಿಯನ್ನು ಮೂರು ಸಲ ದಾಟಿದ್ದೆವು.

ದೇವಸ್ಥಾನದ ಹತ್ತಿರವೇ ಕರಿಮೆಣಸಿನ ಬನ್ನು. ಹಿಟ್ಟಿನೊಳಗೆ ಹಂದಿಮಾಂಸ, ಕೈತುಂಬ ಈರುಳ್ಳಿ ಹೂವು, ಧಾರಾಳ ಕರಿಮೆಣಸು. ಮೇಲೆ ಎಳ್ಳು. ತಂದೂರಿನಂಥ ಒಲೆಯ ಒಳಗೋಡೆಗೆ ಬಡಿದು ಅಂಟಿಸಿ ಸುಡುತ್ತಾರೆ. ಕಚ್ಚಿದ ಕೂಡಲೇ ಬಿಸಿ ರಸ ಅಂಗಿಯ ಮೇಲೆ. ಕರಿಮೆಣಸಿನ ಸೀಮೆಯಿಂದ ಬಂದವನು ಹೇಳುತ್ತಿದ್ದೇನೆ, ಮೆಣಸಿಗೆ ಇಷ್ಟು ಮರ್ಯಾದೆ ಕೊಟ್ಟ ತಿಂಡಿ ನಾನು ಕಡಿಮೆ ತಿಂದಿದ್ದೇನೆ.

ಗೆಳೆಯನಿಗೆ ಸಿಕ್ಕಿದ್ದು ಶೇಂಗಾ ಐಸ್‌ಕ್ರೀಮ್ ಸುರುಳಿ. ಇಟ್ಟಿಗೆಯಷ್ಟು ದೊಡ್ಡ ಶೇಂಗಾ ಚಿಕ್ಕಿಯನ್ನು ಬಡಗಿಯ ಕೀಸುಳಿಯಿಂದ ಕೆರೆದು ಪುಡಿ ಮಾಡುತ್ತಾರೆ. ತೆಳ್ಳಗಿನ ಹಾಳೆಯಂಥ ರೊಟ್ಟಿಯ ಮೇಲೆ ಆ ಪುಡಿ, ಎರಡು ಉಂಡೆ ಐಸ್‌ಕ್ರೀಮ್, ಮೇಲೆ ಹಸಿ ಕೊತ್ತಂಬರಿ ಸೊಪ್ಪು. ಹೌದು, ಐಸ್‌ಕ್ರೀಮಿಗೆ ಕೊತ್ತಂಬರಿ. ಸುತ್ತಿ ಕೈಗೆ ಕೊಡುತ್ತಾರೆ. ಒಂದು ಕಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದ. “ಶೇಂಗಾ ಹೋಳಿಗಿ ಒಳಗ ಐಸ್‌ಕ್ರೀಮ್ ಇಟ್ಟಂಗಾತಲ್ಲೋ” ಅಂದ. ಇನ್ನೊಂದು ತಗೊಂಡ.

ರಾವ್‌ಹೆಯಲ್ಲಿ ಎಡವಟ್ಟು ಆಗಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಈರುಳ್ಳಿ ಹೂವಿನ ಪರೋಟ ಮಾಡುತ್ತಿದ್ದ ಒಂದು ಗಾಡಿಯ ಮುಂದೆ ಗೆಳೆಯ ನಿಂತ. ನೋಡಲು ನಮ್ಮ ಪದರದ ಪರೋಟವೇ. ಅರ್ಧ ತಿಂದಾದ ಮೇಲೆ ನನಗೆ ಅನುಮಾನ ಬಂದು ಫೋನ್‌ನಲ್ಲಿ ಅನುವಾದ ಮಾಡಿ ಕೇಳಿದೆ. ಹಂದಿಯ ಕೊಬ್ಬಂತೆ, ಪದರ ಬಿಡಲು. ಗೆಳೆಯ ಉಳಿದರ್ಧ ನನ್ನ ಕೈಗೆ ಕೊಟ್ಟು ದೇವಸ್ಥಾನದ ಕಡೆ ನೋಡುತ್ತ ನಿಂತ.

ಸಸ್ಯಾಹಾರಿಗಳು ಇಲ್ಲಿ ‘ವೊ ಛಿ ಸು’ ಅಂದರೆ ಸಾಕು, ಅರ್ಥ ಆಗುತ್ತದೆ. ಅಂಗಡಿಯ ಮೇಲೆ ‘ಸು’ ಅಕ್ಷರ ಅಥವಾ ಸ್ವಸ್ತಿಕ ಇದ್ದರೆ ಅದು ಬೌದ್ಧರ ಸಸ್ಯಾಹಾರ. ಸ್ವಸ್ತಿಕದ ತಿರುವು ನಮ್ಮದಕ್ಕೆ ಉಲ್ಟಾ. ಕಟ್ಟುನಿಟ್ಟಾದವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಈರುಳ್ಳಿ ಹೂವು ಕಂಡಾಗಲೇ ನಮಗೆ ಸಂಶಯ ಬರಬೇಕಿತ್ತು. ಮಾಂಸ ಬೆಂದ ಪಾತ್ರೆಯಿಂದಲೇ ತರಕಾರಿ ಆರಿಸಿ ತಿನ್ನುವವರಿಗೂ ಇಲ್ಲಿ ಒಂದು ಹೆಸರಿದೆ, ‘ಪಾತ್ರೆಯಂಚಿನ ಸಸ್ಯಾಹಾರಿ’ ಅಂತ. ಗೆಳೆಯನನ್ನು ಈಗ ಹಾಗೇ ಕರೆಯುತ್ತೇನೆ.

ಕೊನೆಗೆ ಸುಟ್ಟ ಅಣಬೆ, ಗೆಣಸಿನ ಪೊಳ್ಳು ಉಂಡೆ ಕಟ್ಟಿಸಿಕೊಂಡು ಹಿಂದಿನ ಕೀಲುಂಗ್ ನದಿಯ ಕಾಮನಬಿಲ್ಲು ಸೇತುವೆಗೆ ಹೋದೆವು. ಕೂರಲು ಜಾಗ, ಗಾಳಿ, ಕೆಳಗೆ ನೀರು. ಈ ಸುಖ ಉಳಿದ ಎರಡರಲ್ಲಿ ಸಿಗಲಿಲ್ಲ. ಖರ್ಚು ಲೆಕ್ಕ ಹಾಕಿದರೆ ತಲೆಗೆ 410 ಡಾಲರ್. ಶಿಲಿನ್‌ನಲ್ಲಿ ನನ್ನೊಬ್ಬನದೇ 700 ದಾಟಿತ್ತು, ಹಣ್ಣು ಸೇರಿ.

ಮಕ್ಕಳಿದ್ದರೆ ಆಟಗಳಿಗಾಗಿ ಶಿಲಿನ್‌ಗೆ ಹೋಗಿ, ಹಣ್ಣಿನ ಗಾಡಿಯಲ್ಲಿ ಬೋರ್ಡಿನ ಚಿಕ್ಕ ಅಕ್ಷರ ಓದಿಸಿಕೊಳ್ಳಿ. ಒಂದೇ ಗಂಟೆ ಬಿಡುವಿದ್ದರೆ ನಿಂಗ್‌ಶಿಯಾ, ಐದೂವರೆಗೇ ಹೋಗಿ ಸಾಲು ಹಿಡಿಯಿರಿ. ಆಗಸ್ಟ್‌ನಲ್ಲಿ ಗೆಳೆಯನ ಅಪ್ಪ ಅವ್ವ ಧಾರವಾಡದಿಂದ ಬರುತ್ತಾರೆ. ಅವರನ್ನು ರಾವ್‌ಹೆಗೇ ಕರೆದುಕೊಂಡು ಹೋಗುವುದು ಅಂತ ತೀರ್ಮಾನ ಆಗಿದೆ. ಪರೋಟದ ವಿಷಯ ಅವ್ವನ ಮುಂದೆ ಎತ್ತಬಾರದು ಅಂತ ಈಗಲೇ ನನ್ನಿಂದ ಭಾಷೆ ತಗೊಂಡಿದ್ದಾನೆ.