ಆರ್‌ಎಕ್ಸ್-7 ಟರ್ಬೊಗೆ ವೈಡ್‌ಬಾಡಿ ಕಿಟ್: ಗ್ರೈಂಡರ್ ಹಿಡಿಯುವ ಮುಂಚೆ ಒಂದ್ಸಲ ಓದಿ

ಮೊದಲೇ ಹೇಳಿಬಿಡುತ್ತೇನೆ. ಚಕ್ರದ ಹತ್ತಿರ ಕಾರಿನ ಮೈಯನ್ನು ಅಗಲ ಮಾಡುವ ಈ ವೈಡ್‌ಬಾಡಿ ಕಿಟ್ ಚೆನ್ನಾಗಿದೆ, ನನಗೆ ಇಷ್ಟ ಆಗಿದೆ. ಆದರೆ ಪೆಟ್ಟಿಗೆಯಲ್ಲಿ ಬರುವುದು ಅರ್ಧ ಕೆಲಸ ಮಾತ್ರ. ಇನ್ನರ್ಧ ಇರುವುದು ಹಿಂದಿನ ಚಕ್ರದ ಮೇಲಿನ ತಗಡಿನಲ್ಲಿ, ಅದರ ಬಗ್ಗೆ ನನಗೆ ಮಾರಿದವರು ಒಂದು ಮಾತೂ ಹೇಳಲಿಲ್ಲ.

ಕಾರು 1987ರ ಮಾಜ್ದಾ ಆರ್‌ಎಕ್ಸ್-7 ಟರ್ಬೊ 2. ಎಫ್‌ಸಿ ಅಂತ ಕರೆಯುವ ಎರಡನೇ ತಲೆಮಾರಿನದು. 13ಬಿ ರೋಟರಿ ಎಂಜಿನ್ (ಪಿಸ್ಟನ್ ಬದಲು ತಿರುಗುವ ರೋಟರ್ ಇರುವಂಥದ್ದು), 1308 ಸಿಸಿ, ಆ ವರ್ಷದ ಅಮೆರಿಕದ ಮಾಡೆಲ್‌ಗೆ 182 ಎಚ್‌ಪಿ. ಬಾನೆಟ್ ಮೇಲೆ ಒಂದು ಗಾಳಿಬಾಯಿ ಇದೆಯಲ್ಲ, ಅದರ ಕೆಳಗೇ ಟರ್ಬೊದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಕೂತಿದೆ. ದೂರದಿಂದ ನೋಡಿದವರು ಪೋರ್ಷೆ 944 ಅಂದುಕೊಳ್ಳುತ್ತಾರೆ. ನಾನು ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದಿಲ್ಲ, ಹಾಗಾಗಿ ಇಷ್ಟು ಹಳೆಯ ಕಾರಿನಲ್ಲೂ ತುಕ್ಕು ಇರಲಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಕಿಟ್‌ನಲ್ಲಿ ಬಂದಿದ್ದು ನಾಲ್ಕು ಫೈಬರ್‌ಗ್ಲಾಸ್ ಓವರ್‌ಫೆಂಡರ್ (ಚಕ್ರದ ಮೇಲೆ ಕೂರುವ ಅಗಲದ ಪ್ಯಾನೆಲ್), ಬಾಗಿಲ ಕೆಳಗೆ ಹಾಕುವ ಎರಡು ಸೈಡ್ ಸ್ಕರ್ಟ್, ಮುಂದಿನ ಬಂಪರ್ ಕೆಳಗೆ ಹಾಕುವ ಒಂದು ಲಿಪ್. ಮುಂದೆ ಒಂದೊಂದು ಬದಿಗೆ 30 ಮಿಮೀ, ಹಿಂದೆ 50 ಮಿಮೀ ಅಗಲ ಜಾಸ್ತಿ ಆಗುತ್ತದೆ. ಸ್ಕ್ರೂ ಹೊರಗೆ ಕಾಣುವ ಮಾದರಿ ಇದು, ಕ್ಯೋಟೋದ ಕೇ ಮಿಯುರಾ ಅವರ ರಾಕೆಟ್ ಬನ್ನಿ ಕಿಟ್‌ಗಳಿಂದ ಜನಪ್ರಿಯ ಆದ ಶೈಲಿ. ನನ್ನದು ಅವರದ್ದಲ್ಲ, ಬೇರೆ ಚಿಕ್ಕ ತಯಾರಕರದ್ದು. ಹೆಸರು ಬೇಡ.

ಫೈಬರ್‌ಗ್ಲಾಸ್ ಮೇಲಿನ ಹೊರಪದರ, ಅಂದ್ರೆ ಜೆಲ್‌ಕೋಟ್, ನುಣುಪಾಗಿದೆ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಸೂಜಿಮೊನೆಯಷ್ಟು ತೂತು ಕಾಣುತ್ತವೆ, ಅದು ಪುಟ್ಟಿಯಲ್ಲಿ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಮೂರು ಫೆಂಡರ್ ಸಲೀಸಾಗಿ ಕೂತವು. ಎಡಗಡೆ ಹಿಂದಿನದು ಮಾತ್ರ ತಿರುಚಿಕೊಂಡಿತ್ತು, ಬಾಗಿಲ ಕಡೆ ಒತ್ತಿ ಹಿಡಿದರೆ ಬಂಪರ್ ಕಡೆ 8 ಮಿಮೀ ಎದ್ದು ನಿಲ್ಲುತ್ತಿತ್ತು. ಮೇಲ್ ಬರೆದೆ. ಹತ್ತು ದಿನ ಬಿಟ್ಟು 'ಫೈಬರ್‌ಗ್ಲಾಸ್ ಅಂದ್ರೆ ಹಾಗೇನೇ' ಅಂತ ಉತ್ತರ ಬಂತು. ಅಷ್ಟು ದುಡ್ಡು ತೆಗೆದುಕೊಂಡ ಮೇಲೆ ಇಂಥ ಉತ್ತರ ಕೊಡಬಾರದು, ನನಗೆ ನಿಜಕ್ಕೂ ಬೇಜಾರಾಯಿತು. ಕೊನೆಗೆ ಅದನ್ನು ಕಾರಿಗೇ ಕ್ಲ್ಯಾಂಪ್ ಮಾಡಿ, ಹೀಟ್ ಗನ್‌ನಲ್ಲಿ ಮೆಲ್ಲಗೆ ಬಿಸಿ ತೋರಿಸಿ, ಎರಡು ದಿನ ಬಿಸಿಲಿಗೆ ಬಿಟ್ಟೆ. 8 ಮಿಮೀ ಇದ್ದದ್ದು 2ಕ್ಕೆ ಇಳಿಯಿತು. ಅಷ್ಟನ್ನು ಸ್ಕ್ರೂ ಎಳೆದುಕೊಳ್ಳುತ್ತದೆ.

ಅಗಲ ಚಕ್ರಕ್ಕೆ ಜಾಗ ಆಗಬೇಕೆಂದರೆ ಕಾರಿನ ತಗಡಿನ ಅಂಚನ್ನು ಕತ್ತರಿಸಬೇಕು. ಕಾರಿನ ಮುಂಭಾಗದಲ್ಲಿ ಈ ಕೆಲಸ ಸುಲಭ. ಎಫ್‌ಸಿಯ ಮುಂದಿನ ಫೆಂಡರ್ ಬೋಲ್ಟ್ ಬಿಚ್ಚಿದರೆ ಕೈಗೆ ಬಂದುಬಿಡುತ್ತದೆ. ಗುಜರಿಯಿಂದ ಇನ್ನೊಂದು ಜೋಡಿ ತಂದು ಅದನ್ನು ಕತ್ತರಿಸಿದೆ, ಕಾರಿನ ಜೊತೆ ಬಂದಿದ್ದನ್ನು ಹಳೇ ಬೆಡ್‌ಶೀಟ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ನೀವೂ ಹಾಗೇ ಮಾಡಿ.

ಹಿಂದೆ ಆ ಅನುಕೂಲ ಇಲ್ಲ. ಅಲ್ಲಿನ ತಗಡು ಬಾಡಿಗೆ ಬೆಸೆದಿರುತ್ತದೆ. ಒಂದ್ಸಲ ಕತ್ತರಿಸಿದರೆ ಮುಗೀತು. ಹಾಗಾಗಿ ಮೊದಲು ಕಿಟ್‌ನ ಪ್ಯಾನೆಲ್ ಹಚ್ಚಿ ನೋಡಿ, ಟೇಪ್ ಅಂಟಿಸಿ, ಪೆನ್ಸಿಲ್‌ನಲ್ಲಿ ಅಂಚು ಗುರುತು ಮಾಡಿ, ತೆಗೆದು ಇನ್ನೊಂದ್ಸಲ ಹಚ್ಚಿ ನೋಡಿ. ಹೊಸ ಚಕ್ರ, ಟೈರ್ ಹಾಕಿ, ಸ್ಪ್ರಿಂಗ್ ತೆಗೆದು, ಜ್ಯಾಕ್‌ನಲ್ಲಿ ಚಕ್ರವನ್ನು ಪೂರ್ತಿ ಮೇಲಕ್ಕೆತ್ತಿ ಟೈರ್ ಎಲ್ಲಿಗೆ ಬಂದು ತಗಲುತ್ತದೆ ಅಂತ ಕಣ್ಣಾರೆ ನೋಡಿದ ಮೇಲೇ ತಗಡು ಕತ್ತರಿಸುವ ಗ್ರೈಂಡರ್ ಮುಟ್ಟಬೇಕು.

ಕತ್ತರಿಸಿದಾಗ ಏನಾಗುತ್ತದೆ ಗೊತ್ತಾ? ಹೊರಗಿನ ತಗಡು, ಒಳಗಿನ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ತಗಡು ಎರಡೂ ಅಂಚಿನಲ್ಲಿ ಮಾತ್ರ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಆ ಅಂಚನ್ನೇ ನಾವು ತೆಗೆಯುವುದು. ಡಿಸ್ಕ್ ಕೊನೆ ಮುಟ್ಟುತ್ತಿದ್ದ ಹಾಗೆ ಆ ಕಮಾನಿನಷ್ಟು ಪಟ್ಟಿ ಕಳಚಿ ನೆಲಕ್ಕೆ ಬಿತ್ತು, ಎರಡು ತಗಡಿನ ನಡುವೆ ಬೆರಳು ತೂರುವಷ್ಟು ಸಂದು ಬಾಯಿ ಬಿಟ್ಟಿತು. ಟಾರ್ಚ್ ಹಾಕಿ ನೋಡಿದೆ. ಒಳಗೆ ಫ್ಯಾಕ್ಟರಿಯಲ್ಲಿ ಹೊಡೆದ ಪ್ರೈಮರ್ ಹಾಗೇ ಇತ್ತು, ಅದರ ಮೇಲೆ ಹಿಟ್ಟಿನಂತೆ ಕೂತ ಇಷ್ಟು ವರ್ಷದ ಧೂಳು. 1987ರಿಂದ ಬೆಳಕು ಬೀಳದ ಜಾಗ ಅದು. ಸ್ವಲ್ಪ ಹೊತ್ತು ಸುಮ್ನೆ ಅದನ್ನೇ ನೋಡುತ್ತಾ ಕೂತೆ.

ಈ ಸಂದನ್ನು ಹಾಗೇ ಬಿಟ್ಟು ಮೇಲೆ ಪ್ಯಾನೆಲ್ ಕೂರಿಸಿದರೆ ಹೊರಗಡೆಯಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಚಕ್ರ ಎರಚುವ ನೀರೆಲ್ಲ ನೇರವಾಗಿ ಬಾಡಿಯೊಳಕ್ಕೆ ಹೋಗುತ್ತದೆ, ತುಕ್ಕೇ ಇಲ್ಲದ ಕಾರಿಗೆ ನಾವೇ ಕೈಯಾರೆ ತುಕ್ಕು ಹಿಡಿಸಿದ ಹಾಗೆ. ನನ್ನ ಕಾರು ಉಪ್ಪಿನಿಂದ ತಪ್ಪಿಸಿಕೊಂಡು ಬಂದದ್ದು ಇದಕ್ಕಾ? ಒಳಗಿನ ತಗಡಿಗೆ ಎರಡು ಬೆರಳಗಲಕ್ಕೊಂದು ಸೀಳು ಕೊಟ್ಟು, ಒಂದೊಂದೇ ಪಟ್ಟಿಯನ್ನು ಸುತ್ತಿಗೆಯಲ್ಲಿ ಹೊರಕ್ಕೆ ಬಗ್ಗಿಸಿ, ಹೊರ ತಗಡಿಗೆ ತಾಗಿಸಿ ವೆಲ್ಡ್ ಮಾಡಿ, ಮೇಲೆ ಪ್ರೈಮರ್, ಅದರ ಮೇಲೆ ಸಂದಿಗೆ ನೀರು ಹೋಗದಂತೆ ಮುಚ್ಚುವ ಸೀಮ್ ಸೀಲರ್ ಹಾಕಬೇಕು. ವೆಲ್ಡಿಂಗ್‌ಗೆ ಮುಂಚೆ ಒಳಗಿನ ಕಾರ್ಪೆಟ್, ಪ್ಲಾಸ್ಟಿಕ್ ಎಲ್ಲ ತೆಗೆದು ಬ್ಯಾಟರಿ ಬಿಚ್ಚಿಡಿ. ನನಗೆ ಒಂದು ಬದಿಗೆ ಪೂರ್ತಿ ಎರಡು ದಿನ ಹಿಡಿಯಿತು. ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಇದೇ. ಕಿಟ್ ಜೊತೆ ಬಂದ ಒಂದೂವರೆ ಪುಟದ ಚೀಟಿಯಲ್ಲಿ ಇದರ ಸುದ್ದಿಯೇ ಇಲ್ಲ.

ಚಕ್ರದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಜಾಸ್ತಿ ಜನ ತಪ್ಪುವುದು ಇಲ್ಲೇ. ಕಂಪನಿ ಚಕ್ರ 16 ಇಂಚು, 7 ಇಂಚು ಅಗಲ, ಆಫ್‌ಸೆಟ್ (ಚಕ್ರದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖಕ್ಕೆ ಇರುವ ದೂರ, ಇದು ಕಮ್ಮಿಯಾದಷ್ಟೂ ಚಕ್ರ ಹೊರಗೆ ಬರುತ್ತದೆ) 40 ಮಿಮೀ. ನಾನು ಹಿಂದಕ್ಕೆ ಹಾಕಿದ್ದು 17 ಇಂಚು, 9.5 ಅಗಲ, ಆಫ್‌ಸೆಟ್ 15. ಅಗಲ ಜಾಸ್ತಿ ಆಗಿದ್ದರಿಂದ ಹೊರಕ್ಕೆ ಸುಮಾರು 32 ಮಿಮೀ, ಆಫ್‌ಸೆಟ್ ಕಮ್ಮಿ ಆಗಿದ್ದರಿಂದ ಇನ್ನೂ 25, ಒಟ್ಟು 57. ಒಳಕ್ಕೆ ಹೋಗಿದ್ದು ಬರೀ 7. ಪ್ಯಾನೆಲ್ ಕೊಡುವುದು 50, ಮೊದಲೇ ಚಕ್ರ ಸ್ವಲ್ಪ ಒಳಗೆ ಇತ್ತು, ಹಾಗಾಗಿ ಈಗ ಅಂಚಿಗೆ ಸರಿಯಾಗಿ ಬಂದು ನಿಂತಿದೆ. ಟೈರ್ 255/40, ಅಂದ್ರೆ 255 ಮಿಮೀ ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇಕಡಾ 40. ಕಂಪನಿಯ 205/55ಕ್ಕೂ ಇದಕ್ಕೂ ಎತ್ತರದಲ್ಲಿ 4 ಮಿಮೀ ಅಷ್ಟೇ ವ್ಯತ್ಯಾಸ, ಸ್ಪೀಡೋಮೀಟರ್‌ಗೆ ತೊಂದರೆ ಇಲ್ಲ. ಆದರೆ ಚಕ್ರ ಹೊರಗೆ ಹೋದಷ್ಟೂ ಬೇರಿಂಗ್ ಮೇಲೆ ಭಾರ ಜಾಸ್ತಿ. ಎಫ್‌ಸಿಯ ಹಿಂದಿನ ಹಬ್‌ನಲ್ಲಿ ತಿರುವಿನಲ್ಲಿ ಚಕ್ರವನ್ನು ಕೊಂಚ ತಿರುಗಿಸುವ ಡಿಟಿಎಸ್‌ಎಸ್ ಬುಶ್ ಬೇರೆ ಇರುತ್ತದೆ, ಈ ವಯಸ್ಸಿಗೆ ಅದು ಸವೆದಿರುತ್ತದೆ. ಎರಡನ್ನೂ ಈಗಲೇ ಬದಲಾಯಿಸಿ, ಹೇಗಿದ್ದರೂ ಎಲ್ಲ ಬಿಚ್ಚಿರುತ್ತೀರಲ್ವಾ.

ಕಾರು ವೇಗ ಆಗುತ್ತಾ? ಇಲ್ಲ. ಆದರೆ ಟರ್ಬೊ ಎದ್ದಾಗ ಹಿಂದಿನ ಚಕ್ರ ಮೊದಲಿನಷ್ಟು ಬೇಗ ಜಾರುವುದಿಲ್ಲ. ಮತ್ತೆ ಸಂಜೆ ಗ್ಯಾರೇಜ್ ಬಾಗಿಲು ಎತ್ತಿದಾಗ ಹಿಂದಿನಿಂದ ಅದು ನಿಂತಿರುವ ರೀತಿ ಇದೆಯಲ್ಲ, ಅದಕ್ಕೆ ನಾನು ಪಟ್ಟ ಪಾಡೆಲ್ಲ ಸಾರ್ಥಕ.

ಬೆಂಗಳೂರಿನ ಗೆಳೆಯರು ಇದನ್ನು ಅಲ್ಲೂ ಮಾಡಬಹುದಾ ಅಂತ ಕೇಳುತ್ತಿರುತ್ತಾರೆ. ವಾಹನದ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಅದರ ಮೇಲೆ 2019ರ ಸುಪ್ರೀಂ ಕೋರ್ಟ್ ತೀರ್ಪು ಎರಡನ್ನೂ ಓದಿ, ಆರ್‌ಟಿಒದಲ್ಲಿ ಕೇಳಿ, ಆಮೇಲೆ ದುಡ್ಡು ಬಿಚ್ಚಿ.

ಹಾಕಿ ಮೂರು ತಿಂಗಳಾಯಿತು. ಎರಡು ಜೋರು ಮಳೆ ಕಂಡಿದೆ, ಡಿಕ್ಕಿಯ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿದೆ, ಒಣಗಿದೆ. ಎಡಗಡೆ ಹಿಂದಿನ ಆ ತಿರುಚಿದ ಪ್ಯಾನೆಲ್‌ನಲ್ಲಿ ಮಾತ್ರ ಒಂದು ಸ್ಕ್ರೂ ಪಕ್ಕ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಸ್ಕ್ರೂ ಬಿಗಿ ಜಾಸ್ತಿ ಆಗಿತ್ತು, ಕೆಳಗೆ ರಬ್ಬರ್ ವಾಷರ್ ಇರಲಿಲ್ಲ. ಒಟ್ಟು 32 ಸ್ಕ್ರೂ ಇವೆ. ಈ ಶನಿವಾರ ಕೂತು ಎಲ್ಲಕ್ಕೂ ವಾಷರ್ ಹಾಕುತ್ತೇನೆ.