ಎರಡು ವರ್ಷದ ಬಳಕೆಯ ನಂತರ: ಪೆನ್ಸಿಲ್ ಹಿಡಿದೇ ಓದಬೇಕಾದ ವೆಬ್ ಪ್ರೋಗ್ರಾಮಿಂಗ್ ಕೈಪಿಡಿ

ಅಂಕ: 5ರಲ್ಲಿ 2.5

ವೆಬ್ ಪುಟ ಕಟ್ಟುವ ಎಚ್‌ಟಿಎಂಎಲ್‌ನಿಂದ ಹಿಡಿದು ಸರ್ವರಿನಲ್ಲಿ ಓಡುವ ಪಿಎಚ್‌ಪಿ, ಮಾಹಿತಿ ಕೂಡಿಡುವ ಡೇಟಾಬೇಸ್ ಮೈಎಸ್‌ಕ್ಯೂಎಲ್‌ವರೆಗೆ ಕನ್ನಡದಲ್ಲೇ ಹೇಳಿಕೊಡುವ ಪುಸ್ತಕ ಇದು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆ ಕನ್ನಡ ಮಾಧ್ಯಮದಲ್ಲಿ ಓದಿದವರ ನಡುವೆ ಕೈಯಿಂದ ಕೈಗೆ ಓಡಾಡ್ತಾ ಉಂಟು. ವಿವರಣೆ ಚೆನ್ನಾಗಿದೆ. ಬ್ರೌಸರ್ ಏನು ಕೇಳುತ್ತದೆ, ಸರ್ವರ್ ಏನು ಕೊಡುತ್ತದೆ, ಫಾರಂ ತುಂಬಿ ಬಟನ್ ಒತ್ತಿದ ಮೇಲೆ ಮಾಹಿತಿ ಎಲ್ಲಿಗೆ ಹೋಗುತ್ತದೆ ಎಂಬ ಅಧ್ಯಾಯವನ್ನು ಇಷ್ಟು ಬಿಡಿಸಿ ಬರೆದದ್ದು ಕನ್ನಡದಲ್ಲಿ ಅಪರೂಪ. ತೊಂದರೆ ಇರುವುದು ಕೋಡಿನಲ್ಲಿ. ಅದು ಹಳತು, ಕೆಲವು ಕಡೆ ಅಪಾಯಕಾರಿ.

ಮೊದಲ ಎಡವು ಎರಡನೇ ಅಧ್ಯಾಯದಲ್ಲೇ. ವಿಂಡೋಸ್‌ನಲ್ಲಿ ಕ್ಸಾಂಪ್ (ಸರ್ವರ್, ಪಿಎಚ್‌ಪಿ, ಡೇಟಾಬೇಸ್ ಒಟ್ಟಿಗೆ ಬರುವ ತಂತ್ರಾಂಶ) ಹಾಕಿ, ಅದರ ಎಚ್‌ಟಿಡಾಕ್ಸ್ ಫೋಲ್ಡರಿನಲ್ಲಿ ಫೈಲ್ ಇಡಿ ಎನ್ನುತ್ತದೆ. ಆದರೆ ಇಲ್ಲಿಯ ಮಕ್ಕಳು ಶಾಲೆಯ ಲ್ಯಾಬಿನಲ್ಲಿ ಕಲಿತದ್ದು ಕೇರಳ ಸರಕಾರದ ಶಿಕ್ಷಣ ತಂತ್ರಜ್ಞಾನ ಸಂಸ್ಥೆ ಕೈಟ್ ಕೊಡುವ ಉಬುಂಟು ಆಧಾರಿತ ಲಿನಕ್ಸ್. ಅಂಥವರಿಗೆ ಕ್ಸಾಂಪ್ ಬೇಕೇ ಇಲ್ಲ. ಪಿಎಚ್‌ಪಿ ಪ್ಯಾಕೇಜ್ ಹಾಕಿ, ಫೈಲ್ ಇರುವ ಫೋಲ್ಡರಿನಲ್ಲಿ ಟರ್ಮಿನಲ್ ತೆರೆದು ಹೀಗೆ ಟೈಪ್ ಮಾಡಿ: ಪಿಎಚ್‌ಪಿ, ಸ್ಪೇಸ್, ಹೈಫನ್, ದೊಡ್ಡ ಎಸ್, ಸ್ಪೇಸ್, ಲೋಕಲ್‌ಹೋಸ್ಟ್:8000. ಸರ್ವರ್ ಎದ್ದಿತು. ಚಿಕ್ಕ ಎಸ್ ಹೊಡೆದರೆ ಏಳುವುದಿಲ್ಲ. ಡೇಟಾಬೇಸಿಗೆ ಮೈಎಸ್‌ಕ್ಯೂಎಲ್‌ನಂಥದ್ದೇ ಆದ ಮರಿಯಾಡಿಬಿ ಸಾಕು. ಆದರೆ ಪುಸ್ತಕ ಹೇಳಿದಂತೆ ಯೂಸರ್ ರೂಟ್ (ಎಲ್ಲ ಅಧಿಕಾರ ಇರುವ ಖಾತೆ), ಪಾಸ್‌ವರ್ಡ್ ಖಾಲಿ ಎಂದು ಕೊಟ್ಟರೆ ಉಬುಂಟುವಿನಲ್ಲಿ ‘ಆ್ಯಕ್ಸೆಸ್ ಡಿನೈಡ್’ ಬರುತ್ತದೆ. ಅಲ್ಲಿ ರೂಟ್ ಲಾಗಿನ್ ಪಾಸ್‌ವರ್ಡಿನಿಂದ ಅಲ್ಲ, ಸಿಸ್ಟಮ್ಮಿನ ಯೂಸರ್ ಯಾರು ಎಂದು ನೋಡಿ ಆಗುವುದು. ಬೇರೆ ಯೂಸರ್ ಒಂದನ್ನು ಮಾಡಿ, ಆ ಒಂದು ಡೇಟಾಬೇಸಿಗೆ ಮಾತ್ರ ಅನುಮತಿ ಕೊಡಿ.

ವಿಂಡೋಸ್‌ನಲ್ಲೇ ಕಲಿಯುವವರು ಫೈಲ್ ಹೆಸರಿನ ಬಾಲ ಕಾಣುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳಿ. ನೋಟ್‌ಪ್ಯಾಡ್ ಸದ್ದಿಲ್ಲದೆ ಡಾಟ್ ಪಿಎಚ್‌ಪಿಯ ಹಿಂದೆ ಡಾಟ್ ಟಿಎಕ್ಸ್‌ಟಿ ಅಂಟಿಸಿರಬಹುದು. ಪುಸ್ತಕದಲ್ಲಿ ಈ ವಿಷಯ ಒಂದು ಸಾಲೂ ಇಲ್ಲ.

ಡೇಟಾಬೇಸಿನ ಅಧ್ಯಾಯಗಳಲ್ಲಿ ಪೂರ್ತಿ ಹಳೆಯ ‘ಮೈಎಸ್‌ಕ್ಯೂಎಲ್ ಕನೆಕ್ಟ್’, ‘ಮೈಎಸ್‌ಕ್ಯೂಎಲ್ ಕ್ವೆರಿ’ ಫಂಕ್ಷನ್‌ಗಳೇ. 2013ರ ಪಿಎಚ್‌ಪಿ 5.5ರಲ್ಲೇ ಇವನ್ನು ಬಳಸಬೇಡಿ ಎಂಬ ಎಚ್ಚರಿಕೆ ಬಂದಿತ್ತು, 2015ರ ಕೊನೆಯಲ್ಲಿ ಬಂದ 7.0ರಲ್ಲಿ ತೆಗೆದೇ ಹಾಕಿದರು. ಈಗ ಟೈಪ್ ಮಾಡಿ ಓಡಿಸಿದರೆ ‘ಕಾಲ್ ಟು ಅನ್‌ಡಿಫೈನ್ಡ್ ಫಂಕ್ಷನ್’ ಎಂದು ನಿಲ್ಲುತ್ತದೆ. ಕಲಿಯುವವನು ತನ್ನ ಸ್ಪೆಲಿಂಗ್ ತಪ್ಪಿರಬೇಕು ಎಂದು ಅರ್ಧ ದಿನ ಹುಡುಕುತ್ತಾನೆ. ತಪ್ಪು ಅವನದ್ದಲ್ಲ. ಆ ಪುಟಗಳಲ್ಲಿ ವಿವರಣೆ ಮಾತ್ರ ಓದಿ, ಕೋಡನ್ನು ಪಿಡಿಒದಲ್ಲಿ (ಡೇಟಾಬೇಸಿನೊಡನೆ ಮಾತಾಡಲು ಪಿಎಚ್‌ಪಿಯಲ್ಲೇ ಇರುವ ಹೊಸ ದಾರಿ) ಬರೆಯಿರಿ.

ಕನ್ನಡದ ಪುಸ್ತಕ ಕನ್ನಡದಲ್ಲೇ ಸೋಲುವುದು ಮಾತ್ರ ಬೇಸರದ ಸಂಗತಿ. ಸದಸ್ಯರ ನೋಂದಣಿಯ ಅಭ್ಯಾಸದಲ್ಲಿ ಊರಿನ ಹೆಸರಿಗೆ ವಾರ್‌ಚಾರ್ 20 (ಹೆಚ್ಚೆಂದರೆ 20 ಅಕ್ಷರ), ಟೇಬಲಿಗೆ ಲ್ಯಾಟಿನ್1 (ಯುರೋಪಿನ ಲಿಪಿಗೆಂದು ಮಾಡಿದ ಹಳೆಯ ಅಕ್ಷರ ಸಂಕೇತ), ಕನೆಕ್ಷನ್ನಿಗೂ ಲ್ಯಾಟಿನ್1. ಅದರಲ್ಲಿ ‘ಕಾಸರಗೋಡು’ ಎಂದು ತುಂಬಿ ನೋಡಿ. ಕಣ್ಣಿಗೆ 5 ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಕಾಗುಣಿತದ ಚಿಹ್ನೆಗಳೂ ಬೇರೆ ಬೇರೆ, ಒಟ್ಟು 8. ಯುನಿಕೋಡನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್‌ನಂತೆ 24. ಲ್ಯಾಟಿನ್1 ಟೇಬಲ್ ಒಂದು ಬೈಟನ್ನು ಒಂದು ಅಕ್ಷರ ಎಂದೇ ಎಣಿಸುವುದರಿಂದ 20ಕ್ಕೆ ಕತ್ತರಿ ಬೀಳುತ್ತದೆ. 6 ಚಿಹ್ನೆ ಪೂರ್ತಿ, ಏಳನೆಯದರ 2 ಬೈಟ್ ಮಾತ್ರ. ಪುಟದಲ್ಲಿ ಕಾಣುವುದು ‘ಕಾಸರಗೋ’, ಅದರ ಬಾಲಕ್ಕೆ ಕಪ್ಪು ವಜ್ರದೊಳಗಿನ ಒಂದು ಪ್ರಶ್ನೆ ಚಿಹ್ನೆ. ಡೇಟಾಬೇಸಿನ ಸ್ಟ್ರಿಕ್ಟ್ ಮೋಡ್ (ಉದ್ದ ಮೀರಿದ್ದನ್ನು ಕತ್ತರಿಸದೆ ತಡೆಯುವ ಸೆಟ್ಟಿಂಗ್) ಇದ್ದರೆ ‘ಡೇಟಾ ಟೂ ಲಾಂಗ್’ ಎಂದು ದಾಖಲೆಯೇ ಸೇರುವುದಿಲ್ಲ, ಅದು ಎಷ್ಟೋ ವಾಸಿ. ಆ ಲ್ಯಾಟಿನ್1ರ ಡಿಫಾಲ್ಟ್ ಅಕಾರಾದಿ ಕ್ರಮ ಸ್ವೀಡಿಷ್ ಭಾಷೆಯದ್ದು. ಕುಂಬಳೆ, ಕುಂಬ್ಡಾಜೆ, ಕುತ್ತಿಕ್ಕೋಲುಗಳನ್ನು ಅದು ಯಾವ ಸಾಲಿನಲ್ಲಿ ನಿಲ್ಲಿಸೀತೋ ಅದಕ್ಕೇ ಗೊತ್ತು.

ಪರಿಹಾರ ಕಷ್ಟವಿಲ್ಲ. ಡೇಟಾಬೇಸ್, ಟೇಬಲ್, ಪಿಡಿಒ ಕನೆಕ್ಷನ್ ಮೂರೂ ಕಡೆ ಯುಟಿಎಫ್8ಎಂಬಿ4 (ಪೂರ್ತಿ ಯುಟಿಎಫ್-8ಕ್ಕೆ ಮೈಎಸ್‌ಕ್ಯೂಎಲ್ ಇಟ್ಟ ಹೆಸರು) ಎಂದು ಬರೆಯಿರಿ. ಎರಡು ಕಡೆ ಬರೆದು ಒಂದು ಬಿಟ್ಟರೂ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳ ಸಾಲು ಬರಬಹುದು. ಮೈಎಸ್‌ಕ್ಯೂಎಲ್ 8.0ರಿಂದ ಇದೇ ಡಿಫಾಲ್ಟ್ ಆದರೂ ಬರೆದೇ ಇಡುವುದು ಒಳ್ಳೆಯದು. ಉದ್ದ ಪರೀಕ್ಷಿಸಲು ಪುಸ್ತಕ ಬಳಸುವ ಸ್ಟ್ರ್‌ಲೆನ್ ಎಣಿಸುವುದು ಬೈಟ್‌ಗಳನ್ನು. ‘ಕಾಸರಗೋಡು’ ಕೊಟ್ಟರೆ ಎಂಬಿ-ಸ್ಟ್ರ್‌ಲೆನ್ 8 ಎನ್ನುತ್ತದೆ, ಗ್ರಾಫೀಮ್-ಸ್ಟ್ರ್‌ಲೆನ್ 5. ಮೊದಲನೆಯದಕ್ಕೆ ಎಂಬಿಸ್ಟ್ರಿಂಗ್, ಎರಡನೆಯದಕ್ಕೆ ಇಂಟ್ಲ್ ಎಕ್ಸ್‌ಟೆನ್ಶನ್ ಬೇಕು. ಮಲಯಾಳಂ ಹೆಸರುಗಳಿಗೂ ಇದೇ 3 ಬೈಟ್ ಲೆಕ್ಕ.

ಕೆಲವು ಉದಾಹರಣೆಗಳು ನುಡಿ ತಂತ್ರಾಂಶದ, ಯುನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದಂಥವು. ಅವನ್ನು ಪುಟಕ್ಕೆ ಹಾಕಿದರೆ ಬ್ರೌಸರಿನಲ್ಲಿ ಇಂಗ್ಲಿಷಿನ ಕಲಸುಮೇಲೋಗರ. ಯುನಿಕೋಡಿನಲ್ಲೇ ಟೈಪ್ ಮಾಡಿ.

ಇನ್ನು ಭದ್ರತೆ. ಫಾರಮ್ಮಿನಲ್ಲಿ ಬಂದ ಹೆಸರನ್ನು ನೇರ ಕ್ವೆರಿಯೊಳಗೆ (ಡೇಟಾಬೇಸಿಗೆ ಕೊಡುವ ಆಜ್ಞೆಯೊಳಗೆ) ಅಂಟಿಸುವುದನ್ನೇ ಪುಸ್ತಕ ಕಲಿಸುವುದು. ಇದು ಎಷ್ಟು ಪೊಳ್ಳು ಎಂದು ತಿಳಿಯಲು ಹ್ಯಾಕರ್ ಬರಬೇಕಿಲ್ಲ, ಬೇಳದ ಕಡೆಯ ಒಬ್ಬ ಡಿ'ಸೋಜಾ ಹೆಸರು ತುಂಬಿದರೆ ಸಾಕು. ಆ ನಡುವಿನ ಒಂಟಿ ಚಿಹ್ನೆಗೇ ಹೆಸರು ಮುಗಿಯಿತು ಎಂದು ಡೇಟಾಬೇಸ್ ತಿಳಿಯುತ್ತದೆ, ‘ಸೋಜಾ’ ಎಂಬುದನ್ನು ಆಜ್ಞೆ ಎಂದು ಓದಲು ಹೋಗಿ ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಕೆಡುಕು ಮಾಡುವವರು ಅದೇ ಬಿರುಕಿನಲ್ಲಿ ತಮ್ಮ ಆಜ್ಞೆ ತುರುಕುತ್ತಾರೆ. ಕ್ವೆರಿಯಲ್ಲಿ ಹೆಸರಿನಂಥ ಮಾಹಿತಿ ಬರುವ ಜಾಗಕ್ಕೆ ಪ್ರಶ್ನೆ ಚಿಹ್ನೆ ಇಟ್ಟು ಪಿಡಿಒದ ಪ್ರಿಪೇರ್‌ಗೆ ಕೊಡಿ, ಆ ಮಾಹಿತಿಯನ್ನು ಆಮೇಲೆ ಎಕ್ಸಿಕ್ಯೂಟ್‌ನಲ್ಲಿ ಕೊಡಿ.

ಪಾಸ್‌ವರ್ಡಿಗೆ ಪುಸ್ತಕದಲ್ಲಿ ಎಂಡಿ5, ಅಂದರೆ ಪಾಸ್‌ವರ್ಡನ್ನು ಗುರುತು ಸಿಗದ 32 ಅಕ್ಷರದ ಹ್ಯಾಶ್ ಮಾಡುವ, ಈಗ ಸುಲಭವಾಗಿ ಮುರಿಯಬಹುದಾದ ಹಳೆಯ ವಿಧಾನ. ಅದನ್ನು ಬಿಟ್ಟು ‘ಪಾಸ್‌ವರ್ಡ್ ಹ್ಯಾಶ್’ ಬಳಸಿ. ಆದರೆ ಫಂಕ್ಷನ್ ಮಾತ್ರ ಬದಲಿಸಿ ಕಾಲಮ್ಮನ್ನು 32ರಲ್ಲೇ ಬಿಟ್ಟವರು ಸಿಕ್ಕಿಬೀಳುತ್ತಾರೆ: ಹೊಸ ಫಂಕ್ಷನ್ ಕೊಡುವ ಬಿಕ್ರಿಪ್ಟ್ ಹ್ಯಾಶ್ 60 ಅಕ್ಷರ, ಅರ್ಧ ಕತ್ತರಿಸಿ ಹೋದರೆ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಲಾಗಿನ್ ಆಗುವುದಿಲ್ಲ. 255 ಇಡಿ.

ಫಾಂಟ್ ಟ್ಯಾಗ್, ಸೆಂಟರ್ ಟ್ಯಾಗ್, ಟೇಬಲಿನಲ್ಲಿ ಪುಟ ವಿನ್ಯಾಸ ಇರುವ ಅಧ್ಯಾಯವನ್ನು ಹಾರಿಸಿಬಿಡಿ. ಮುದ್ರಣದಲ್ಲಿ ಬಾಗಿದ ಉದ್ಧರಣ ಚಿಹ್ನೆ ಕಂಡಲ್ಲೆಲ್ಲ ನೆಟ್ಟಗಿನದನ್ನೇ ಹೊಡೆಯಿರಿ. ಚಿತ್ರದ ಫೈಲ್ ಹೆಸರು ಎಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲೇ ಇರಲಿ, ಲಿನಕ್ಸ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಎಂದೇ ನೋಡುತ್ತದೆ. ವಿಂಡೋಸ್‌ನಲ್ಲಿ ಕಂಡ ಫೋಟೋ ಲಿನಕ್ಸ್ ಹೋಸ್ಟಿಂಗಿಗೆ ಹೋದ ಮೇಲೆ ಮಾಯವಾಗುವುದು ಹೆಚ್ಚಾಗಿ ಇದರಿಂದಲೇ.

ಕೊಳ್ಳಬಹುದೇ? ತಿದ್ದಿ ಹೇಳುವವರು ಹತ್ತಿರ ಇದ್ದರೆ ಅರ್ಧ ಬೆಲೆಗೆ ಹಳೆಯ ಪ್ರತಿ ಆಗಬಹುದು. ಒಬ್ಬರೇ ಕೂತು ಕಲಿಯುವವರಿಗೆ ಬೇಡ. ಜೊತೆಗೆ ಕೊಡುವ ಸಿಡಿಯಲ್ಲೂ ಇದೇ ಕೋಡ್, ಹಾಕಲು ಡ್ರೈವ್ ಇಲ್ಲದಿದ್ದರೆ ನಷ್ಟವೇನೂ ಇಲ್ಲ.