ಮದುವೆ ಜವಳಿ, ದಾವಣಗೆರೆ: ಮೇಲಿನ ಮಹಡಿಗೆ ನಾಲ್ಕೂವರೆ ನಕ್ಷತ್ರ, ಕೆಳಗಿನ ಕೌಂಟರಿಗೆ ಒಂದೂವರೆ

ಅಂಗಡಿಯ ಹೆಸರು ಬರೆಯುವುದಿಲ್ಲ. ದೂರು ಇದೆ, ಆದರೆ ಆ ದೂರಿನಲ್ಲಿ ಅರ್ಧ ಪಾಲು ನನ್ನದೇ. ದಾವಣಗೆರೆಯ ಮಂಡಿಪೇಟೆಯ ಸುತ್ತಮುತ್ತ ಜವಳಿ ಅಂಗಡಿಗಳು ಒಂದೆರಡಲ್ಲ. ಅವುಗಳಲ್ಲಿ ಒಂದು ಎಂದಿಟ್ಟುಕೊಳ್ಳಿ.

ತಮ್ಮನ ಮಗಳ ಮದುವೆ. ಚಿತ್ರದುರ್ಗದಿಂದ ಹನ್ನೊಂದು ಜನ ಟೆಂಪೊ ಟ್ರಾವೆಲರ್‌ನಲ್ಲಿ ಹೊರಟೆವು. ದುರ್ಗದಲ್ಲಿ ಸೀರೆ ಸಿಗುವುದಿಲ್ಲವೇ ಎಂದು ಕೇಳಬೇಡಿ. ಅಜ್ಜಿಯ ಕಾಲದಿಂದಲೂ ನಮ್ಮ ಮನೆಯಲ್ಲಿ ಮದುವೆ ಜವಳಿ ಎಂದರೆ ದಾವಣಗೆರೆ. ಅರವತ್ತು ಕಿಲೋಮೀಟರ್ ಹೋಗಿ, ಮಧ್ಯಾಹ್ನ ಬೆಣ್ಣೆ ದೋಸೆ ತಿಂದು, ಕತ್ತಲಾದ ಮೇಲೆ ಗಂಟುಗಳನ್ನು ತೊಡೆಯ ಮೇಲಿಟ್ಟುಕೊಂಡು ಹಿಂತಿರುಗಿದರೆ ಮಾತ್ರ ಜವಳಿ ತೆಗೆದ ಹಾಗೆ. ನಾನು ಪದವಿಪೂರ್ವ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಮನಃಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಮನುಷ್ಯನ ಬುದ್ಧಿ ಎಲ್ಲೆಲ್ಲಿ ಎಡವುತ್ತದೆ ಎಂದು ಕರಿಹಲಗೆಯ ಮೇಲೆ ಬರೆದು ಬರೆದು ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ ಲೆಕ್ಕವಿಲ್ಲ. ಹಾಗಾಗಿಯೇ ತಮ್ಮ ನನ್ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. "ಅಕ್ಕ ಜೊತೆಗಿದ್ದರೆ ಅವರ ಆಟ ನಡೆಯುವುದಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ರೇಷ್ಮೆ ವಿಭಾಗ ಮೊದಲ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ, ಮಂಡಿನೋವಿನವರಿಗೆ ಹತ್ತೊಂಬತ್ತು ಮೆಟ್ಟಿಲು. ಚಪ್ಪಲಿ ಬಿಟ್ಟು ಒಳಗೆ ಹೋದರೆ ಉದ್ದಕ್ಕೂ ಬಿಳಿ ಗಾದಿ, ಆನಿಕೊಳ್ಳಲು ಲೋಡು. ನಮಗೆ ಸಿಕ್ಕವರು ಐವತ್ತರ ಆಸುಪಾಸಿನ ಒಬ್ಬ ಹಳೆಯ ಕೆಲಸಗಾರರು. ಮಾತು ಕಡಿಮೆ, ಕೈ ಚುರುಕು. ಧಾರೆ ಸೀರೆ ಹದಿನೈದು ಸಾವಿರದೊಳಗೆ ಇರಲಿ ಎಂದು ತಮ್ಮ ಮೊದಲೇ ಹೇಳಿದ. ಅವರು ತಲೆಯಾಡಿಸಿ, ಹಿಂದಿನ ಕಪಾಟಿನಿಂದ ಒಂದು ಸೀರೆ ತೆಗೆದು ಒಂದೇ ಬೀಸಿಗೆ ಹರವಿದರು.

"ಇದು ನಲವತ್ತೆಂಟು ಸಾವಿರ. ನಿಮಗೆ ಬೇಡ. ಸುಮ್ಮನೆ ನೋಡಿ ಅಕ್ಕಾ, ನೋಡುವುದಕ್ಕೆ ದುಡ್ಡಿಲ್ಲ."

ನನಗೆ ಒಳಗೊಳಗೇ ನಗು. ಇದು ನಾನು ಪ್ರತಿವರ್ಷ ಮಾಡುತ್ತಿದ್ದ ಪಾಠ. ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ಬರೆದ ಲೇಖನದಲ್ಲಿ ಒಂದು ಚಕ್ರದ ಪ್ರಯೋಗವಿದೆ. ಸೊನ್ನೆಯಿಂದ ನೂರರವರೆಗೆ ಅಂಕಿಗಳಿರುವ ಚಕ್ರ, ಜಾತ್ರೆಯಲ್ಲಿ ತಿರುಗಿಸುತ್ತಾರಲ್ಲ, ಅಂಥದ್ದು. ಆದರೆ ಅದು 10 ಅಥವಾ 65ರ ಮೇಲೆ ಮಾತ್ರ ನಿಲ್ಲುವಂತೆ ಮೊದಲೇ ಹೊಂದಿಸಿದ್ದರು. ಚಕ್ರ ನಿಂತ ಮೇಲೆ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡ ಎಷ್ಟಿವೆ ಎಂದು ಕೇಳಿದರು. 10 ಕಂಡವರ ಅಂದಾಜುಗಳ ಮಧ್ಯದ ಅಂಕಿ 25, 65 ಕಂಡವರದು 45. ಚಕ್ರಕ್ಕೂ ಆಫ್ರಿಕಾಕ್ಕೂ ಸುತರಾಂ ಸಂಬಂಧವಿಲ್ಲ, ಆದರೂ ಮೊದಲು ಕಂಡ ಅಂಕಿ ಗೂಟವಾಗಿ ನಿಂತಿತು, ಲೆಕ್ಕವೆಲ್ಲ ಅದರ ಸುತ್ತಲೇ ಮೇಯಿತು. ನಾನು ತರಗತಿಯಲ್ಲಿ ಇದನ್ನು ಜೋಗಿಮಟ್ಟಿಗೆ ಒಗ್ಗಿಸಿಕೊಂಡಿದ್ದೆ. ಅರ್ಧ ಮಕ್ಕಳಿಗೆ "ಜೋಗಿಮಟ್ಟಿ 200 ಮೀಟರಿಗಿಂತ ಎತ್ತರವೋ?" ಎಂದು, ಉಳಿದರ್ಧಕ್ಕೆ "2,000 ಮೀಟರಿಗಿಂತ ಎತ್ತರವೋ?" ಎಂದು ಚೀಟಿ ಕೊಟ್ಟು, ಆಮೇಲೆ ಎತ್ತರ ಊಹಿಸಿ ಎನ್ನುತ್ತಿದ್ದೆ. ದಿನವೂ ಆ ಬೆಟ್ಟ ನೋಡುತ್ತಲೇ ಬೆಳೆದ ಮಕ್ಕಳು ಎರಡು ಬೇರೆ ಬೇರೆ ಬೆಟ್ಟಗಳ ಎತ್ತರ ಬರೆದುಕೊಡುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದವಳು ಒಂದು ಗಂಟೆಯ ನಂತರ ಇಪ್ಪತ್ತೆರಡೂವರೆ ಸಾವಿರದ ಸೀರೆಯ ಸೆರಗು ಹಿಡಿದು ಹೇಳಿದ ಮಾತು ಇದು: "ಇಷ್ಟು ಕಡಿಮೆಗೆ ಇಂಥ ಜರಿ ಎಲ್ಲಿ ಸಿಗುತ್ತದೆ?" ತಮ್ಮ ನನ್ನ ಮುಖ ನೋಡಿದ. ಹದಿನೈದರ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎರಡು ಗೆರೆ ಸಮ ಎಂದು ಅಳತೆಪಟ್ಟಿ ಇಟ್ಟು ತೋರಿಸಿದ ಮೇಲೂ, ಬಾಣದ ಬಾಲ ಹೊರಕ್ಕೆ ಚಾಚಿದ ಗೆರೆಯೇ ಕಣ್ಣಿಗೆ ಉದ್ದ ಕಾಣುತ್ತದೆ. ಆ ಮ್ಯೂಲರ್-ಲಾಯರ್ ಚಿತ್ರವನ್ನು ನೂರು ಸಲ ಬರೆದಿದ್ದೇನೆ. ನೂರನೆಯ ಸಲವೂ ಹಾಗೆಯೇ ಕಂಡಿದೆ.

ಆದರೂ ಆ ಕೆಲಸಗಾರರಿಗೆ ನಾಲ್ಕೂವರೆ ಕೊಡುತ್ತಿದ್ದೇನೆ. ಬೇರೆ ಅಂಗಡಿಗಳಲ್ಲಿ ಸೀರೆಯ ಮೇಲೆ ಸೀರೆ ಎಸೆದು ಗುಡ್ಡ ಮಾಡುತ್ತಾರೆ, ಹನ್ನೊಂದು ಜನ ಹನ್ನೊಂದು ಕಡೆ ಎಳೆಯುತ್ತಾರೆ, ಕೊನೆಗೆ ಯಾರಿಗೂ ಏನೂ ಬೇಡವಾಗುತ್ತದೆ. ಇವರು ಬೇಡ ಎಂದದ್ದನ್ನು ಆಗಲೇ ಮಡಚಿ ಹಿಂದಕ್ಕೆ ಸರಿಸುತ್ತಿದ್ದರು. ಗಾದಿಯ ಮೇಲೆ ನಾಲ್ಕೈದಕ್ಕಿಂತ ಹೆಚ್ಚು ಸೀರೆ ಉಳಿಯಲು ಬಿಡಲೇ ಇಲ್ಲ. ಈ ಮಾತು ಬಂದರೆ ಎಲ್ಲರೂ ಹೇಳುವುದು ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ ಅವರ ಜಾಮ್ ಪ್ರಯೋಗ. 24 ಬಗೆಯ ಜಾಮ್ ಇಟ್ಟಾಗ ರುಚಿ ನೋಡಿದವರಲ್ಲಿ ಕೊಂಡವರು ನೂರಕ್ಕೆ 3, ಬರೀ 6 ಬಗೆ ಇಟ್ಟಾಗ 30. ನಾನೂ ಇದನ್ನು ವೇದವಾಕ್ಯದಂತೆ ಹೇಳುತ್ತಿದ್ದೆ. 2010ರಲ್ಲಿ ಇಂಥ ಐವತ್ತು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಪರಿಣಾಮ ಸೊನ್ನೆಗೆ ಹತ್ತಿರ ಬಂತು: ಕೆಲವು ಕಡೆ ಹೆಚ್ಚು ಆಯ್ಕೆ ತೊಂದರೆ ಕೊಟ್ಟಿದೆ, ಕೆಲವು ಕಡೆ ಒಳ್ಳೆಯದನ್ನೇ ಮಾಡಿದೆ. ಹಾಗಾಗಿ ಈಗ ಜಾಮಿನ ಮೇಲೆ ಪ್ರಮಾಣ ಮಾಡುವುದಿಲ್ಲ. ನಮ್ಮ ಮನೆಯ ಹನ್ನೊಂದು ಜನರ ಮಟ್ಟಿಗೆ ಮಾತ್ರ ಆ ಗಾದಿಯ ಶಿಸ್ತೇ ಮಧ್ಯಾಹ್ನದೊಳಗೆ ಜಗಳವಿಲ್ಲದೆ ಕೆಲಸ ಮುಗಿಸಿತು.

ಇನ್ನೊಂದು ಒಳ್ಳೆಯ ಗುಣ. ನಮ್ಮ ಚಿಕ್ಕಮ್ಮನಿಗೆ ಎಂಬತ್ತರ ಹತ್ತಿರ ವಯಸ್ಸು. ಯಾವ ಸೀರೆಯನ್ನೂ ಬಿಸಿಲಿಗೆ ಹಿಡಿಯದೆ ಒಪ್ಪುವವರಲ್ಲ. ಪ್ರತಿ ಸಲವೂ ಒಬ್ಬ ಹುಡುಗ ಮುಖ ಸಿಂಡರಿಸದೆ ಸೀರೆ ಹೊತ್ತು ಬೀದಿಯ ತನಕ ಇಳಿದು ಬಂದ. ಮೇಲೆ ಬದನೆಕಾಯಿ ಬಣ್ಣ ಎಂದುಕೊಂಡದ್ದು ಕೆಳಗೆ ಕೆಂಗಂದು. ಬೆಳಕು ಯಾವ ಬಗೆಯದು ಎಂದು ಮಿದುಳು ತಾನೇ ಊಹಿಸಿ, ಆ ಪಾಲನ್ನು ಕಳೆದು, ಉಳಿದದ್ದನ್ನು ಬಣ್ಣ ಎಂದು ನಮಗೆ ದಾಟಿಸುತ್ತದೆ. ಊಹೆ ಬೇರೆಯಾದರೆ ಬಣ್ಣವೂ ಬೇರೆ. 2015ರಲ್ಲಿ ಒಂದೇ ಉಡುಪಿನ ಚಿತ್ರ ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಚಿನ್ನ ಕಂಡು ಮನೆಮನೆಯಲ್ಲೂ ವಾದ ನಡೆದದ್ದು ನೆನಪಿರಬಹುದು. ಚಿಕ್ಕಮ್ಮನಿಗೆ ಇದು ಯಾವುದೂ ಬೇಕಾಗಿಲ್ಲ. "ದೀಪದಲ್ಲಿ ಸೀರೆ ನೋಡಬಾರದು, ಮಜ್ಜಿಗೆಯಲ್ಲಿ ಸುಣ್ಣ ಹುಡುಕಬಾರದು" ಎಂದರು. ಎರಡನೆಯದರ ಅರ್ಥ ನನಗೆ ಇವತ್ತಿಗೂ ತಿಳಿದಿಲ್ಲ.

ಕನ್ನಡಿಯ ಬಗ್ಗೆ ಎಚ್ಚರಿಕೆ. ಅಲ್ಲಿ ಒಬ್ಬ ಹೆಣ್ಣುಮಗಳು ಉಟ್ಟ ಬಟ್ಟೆಯ ಮೇಲೆಯೇ ಎರಡು ನಿಮಿಷದಲ್ಲಿ ನೆರಿಗೆ ಹಿಡಿದು, ಪಿನ್ನು ಚುಚ್ಚಿ, ಸೆರಗು ಹೊದಿಸಿ ನಿಲ್ಲಿಸುತ್ತಾಳೆ. ಹಾಗೆ ನಿಂತ ಮೇಲೆ ಸೀರೆ ಅಂಗಡಿಯದಾಗಿ ಉಳಿಯುವುದಿಲ್ಲ. 1990ರಲ್ಲಿ ಕಾನೆಮನ್, ನೆಚ್ ಮತ್ತು ಥೇಲರ್ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಕಪ್ಪು ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಕಪ್ಪು ಸಿಕ್ಕವರು ಮಾರಲು ಕೇಳಿದ್ದು ಸುಮಾರು 7 ಡಾಲರ್. ಇಲ್ಲದವರು ಕೊಡಲು ಒಪ್ಪಿದ್ದು 3 ಡಾಲರಿಗೂ ಕಡಿಮೆ. ಕಪ್ಪು ಒಂದೇ, ಕೈಸೇರಿ ಕೆಲವು ನಿಮಿಷವಾಗಿತ್ತು, ಅಷ್ಟೇ. ಮದುಮಗಳು ಕನ್ನಡಿಯ ಮುಂದೆ ಹನ್ನೆರಡು ನಿಮಿಷ ನಿಂತಿದ್ದಳು.

ನಾನು ನನಗಾಗಿ ಕೊಂಡದ್ದು ಮೊಳಕಾಲ್ಮೂರು ರೇಷ್ಮೆ ಸೀರೆ, 9,400 ರೂಪಾಯಿ. ಮೊಳಕಾಲ್ಮೂರು ನಮ್ಮದೇ ಜಿಲ್ಲೆಯ ತಾಲ್ಲೂಕು; ಆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ನಮ್ಮ ಜಿಲ್ಲೆಯ ಮಗ್ಗದಲ್ಲಿ ನೇಯ್ದದ್ದನ್ನು ಪಕ್ಕದ ಜಿಲ್ಲೆಗೆ ಹೋಗಿ ಕೊಂಡು ತಂದ ನನ್ನ ಜಾಣತನಕ್ಕೆ ಬೇರೆಯೇ ವಿಮರ್ಶೆ ಬರೆಯಬೇಕು. ಕುಂಕುಮದ ಬಣ್ಣದ ಒಡಲು, ಸಣ್ಣ ಬುಟ್ಟಾಗಳು, ಅಗಲವಾದ ಅಂಚು. ಅಂಚಿನ ಬಣ್ಣ ಸದ್ಯಕ್ಕೆ ಹೇಳುವುದಿಲ್ಲ.

ಈಗ ಕೆಳಗಿನ ಕೌಂಟರು. ಮೇಲೆ ಆರಿಸಿದ ಸೀರೆಗಳು ಚೀಟಿಯ ಸಮೇತ ಬುಟ್ಟಿಯಲ್ಲಿ ಕೆಳಗಿಳಿಯುತ್ತವೆ. ಬಿಲ್ಲು ಒಂದು ಕಡೆ, ಹಣ ಒಂದು ಕಡೆ, ಪೊಟ್ಟಣ ಇನ್ನೊಂದು ಕಡೆ. ನಲವತ್ತು ನಿಮಿಷ ನಿಂತೆವು. ಕೂರಲು ಎರಡೇ ಸ್ಟೂಲು, ಒಂದರ ಮೇಲೆ ಅಂಗಡಿಯವರದೇ ಊಟದ ಡಬ್ಬಿ. ನಮ್ಮ ಚೀಟಿ ಕಳೆದು, ಸಿಕ್ಕಿ, ಮತ್ತೆ ಕಳೆಯಿತು. ಮಾಲೀಕರು ಇದನ್ನು ಓದಿದರೆ ಅವರಿಗೊಂದು ಮಾತು. ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಜನರ ಕೈಯನ್ನು 14 ಡಿಗ್ರಿಯ ತಣ್ಣೀರಿನಲ್ಲಿ 60 ಸೆಕೆಂಡು ಇಡಿಸಿದರು. ಇನ್ನೊಂದು ಸಲ ಅದೇ 60 ಸೆಕೆಂಡು ಇಡಿಸಿ, ಅದರ ಮೇಲೆ ಇನ್ನೂ 30 ಸೆಕೆಂಡು ಮುಂದುವರಿಸಿದರು. ಆ ಕೊನೆಯ ಹೊತ್ತಿನಲ್ಲಿ ನೀರನ್ನು 15 ಡಿಗ್ರಿಗೆ ಏರಿಸಿದ್ದರು. ಯಾವುದನ್ನು ಮತ್ತೊಮ್ಮೆ ಮಾಡುತ್ತೀರಿ ಎಂದರೆ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಸಂಕಟ ಒಟ್ಟಾರೆ ಹೆಚ್ಚು, ಆದರೆ ಕೊನೆ ಸ್ವಲ್ಪ ಹಿತ. ನೆನಪು ಗಡಿಯಾರ ನೋಡುವುದಿಲ್ಲ. ಎಲ್ಲಕ್ಕಿಂತ ತೀವ್ರವಾದ ಗಳಿಗೆಯನ್ನೂ ಕೊನೆಯ ಗಳಿಗೆಯನ್ನೂ ಎತ್ತಿಟ್ಟುಕೊಳ್ಳುತ್ತದೆ. ಸ್ವಾಮಿ, ಮೇಲೆ ನಾಲ್ಕು ಗಂಟೆ ಸುರಿದ ಜೇನಿನ ಮೇಲೆ ಕೆಳಗೆ ನಲವತ್ತು ನಿಮಿಷ ಹಾಗಲಕಾಯಿ ಹಿಂಡುತ್ತಿದ್ದೀರಿ. ಎರಡು ಬೆಂಚು ಹಾಕಿಸಿ.

ಮರುದಿನ ಪಕ್ಕದ ಮನೆಯವರು ಜವಳಿ ನೋಡಲು ಬಂದರು. ನನ್ನ ಸೀರೆ ಬಿಚ್ಚಿ ತೋರಿಸಿದೆ. ಗಿಳಿಹಸಿರು ಅಂಚು. "ಕುಂಕುಮಕ್ಕೆ ಹಸಿರೇ ಒಪ್ಪುವುದು. ನಮ್ಮ ಅಮ್ಮನ ಧಾರೆ ಸೀರೆಗೂ ಇಂಥದ್ದೇ ಅಂಚಿತ್ತು, ಅದಕ್ಕೇ ಕಣ್ಣಿಗೆ ಬಿದ್ದ ಕೂಡಲೇ ಇದನ್ನೇ ತೆಗೆಸಿದೆ" ಎಂದೆ. ಬಾಗಿಲ ಹತ್ತಿರ ನಿಂತಿದ್ದ ಮದುಮಗಳು ಮೊಬೈಲ್ ಚಾಚಿದಳು. "ಅತ್ತೆ, ನೀವು ಆರಿಸಿದ್ದು ನೀಲಿ ಅಂಚಿನದು."

ಚಿತ್ರದಲ್ಲಿ ನಾನೇ ಇದ್ದೆ. ಗಾದಿಯ ಮೇಲೆ ಸಾಲಾಗಿ ನಾಲ್ಕು ಸೀರೆ, ಬಲತುದಿಯ ಸೀರೆಯ ಮೇಲೆ ನನ್ನ ಕೈ. ನವಿಲುಗೊರಳಿನ ನೀಲಿ ಅಂಚು, ಸಂಶಯಕ್ಕೆ ಎಡೆಯೇ ಇಲ್ಲ. ಬುಟ್ಟಿಯಲ್ಲಿ ಯಾರದೋ ಸೀರೆಯ ಜೊತೆ ಅದಲುಬದಲಾಗಿದೆ. ಬೆಲೆಯೂ ಒಂದೇ ಆದ್ದರಿಂದ ಬಿಲ್ಲಿನಲ್ಲಿ ಗೊತ್ತಾಗಲಿಲ್ಲ. ಕೌಂಟರಿಗೆ ಒಂದೂವರೆ ನಕ್ಷತ್ರ ಇದಕ್ಕೇ. ಆದರೆ ನನ್ನ ನಿದ್ದೆ ಕೆಡಿಸಿದ್ದು ಬೇರೆ. ಅಮ್ಮನ ಧಾರೆ ಸೀರೆಯ ಅಂಚು ನಿಜಕ್ಕೂ ಹಸಿರು. ನಾನು ಸುಳ್ಳು ಹೇಳುತ್ತಿರಲಿಲ್ಲ. ನಿಜವಾದ ನೆನಪೊಂದನ್ನು ತಂದು, ನಡೆಯದೇ ಇದ್ದ ಆಯ್ಕೆಗೆ ಕಾರಣವಾಗಿ ಜೋಡಿಸಿದ್ದೆ, ಅದೂ ಕ್ಷಣಮಾತ್ರದಲ್ಲಿ.

2005ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಪೆಟ್ಟರ್ ಯೂಹಾನ್ಸನ್, ಲಾರ್ಸ್ ಹಾಲ್ ಮತ್ತು ಜೊತೆಗಾರರು 120 ಜನರಿಗೆ ಎರಡೆರಡು ಮುಖಗಳ ಚಿತ್ರ ತೋರಿಸಿ, ಯಾವುದು ಹೆಚ್ಚು ಚೆಂದ ಎಂದು ಕೇಳಿದರು. ಆರಿಸಿದ ಚಿತ್ರವನ್ನು ಕೈಗೆ ಕೊಡುವಾಗ ಕೆಲವು ಸಲ ಕೈಚಳಕದಿಂದ ಇನ್ನೊಂದನ್ನು ಕೊಟ್ಟರು. ಬಹುಪಾಲು ಸಲ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗದ್ದಷ್ಟೇ ಆಗಿದ್ದರೆ ಕಣ್ಣಿನ ದೋಷ ಎನ್ನಬಹುದಿತ್ತು; ತಾವು ಆರಿಸದ ಮುಖವನ್ನೇ ಯಾಕೆ ಆರಿಸಿದೆವು ಎಂದು ವಿವರವಾಗಿ ಹೇಳಿದರು. ಕಿವಿಯೋಲೆ ಇಷ್ಟವಾಯಿತು ಎಂದರು, ಅವರು ಮೊದಲು ಆರಿಸಿದ ಮುಖಕ್ಕೆ ಓಲೆಯೇ ಇರಲಿಲ್ಲ.

ಬಲತುದಿಯ ವಿಷಯವೂ ಕಾಡಿತು. ರಿಚರ್ಡ್ ನಿಸ್ಬೆಟ್ ಮತ್ತು ತಿಮೋತಿ ವಿಲ್ಸನ್ 1977ರಲ್ಲಿ ಬರೆದದ್ದು ಜವಳಿಯ ಕಥೆಯೇ. ಅಮೆರಿಕದ ಒಂದು ಅಂಗಡಿಯಲ್ಲಿ ನಾಲ್ಕು ಜೊತೆ ನೈಲಾನ್ ಕಾಲುಚೀಲ ಸಾಲಾಗಿ ಇಟ್ಟು, ಉತ್ತಮವಾದುದನ್ನು ಆರಿಸಿ ಎಂದರು. ನಾಲ್ಕೂ ಒಂದೇ. ಬಲತುದಿಯದನ್ನು ಆರಿಸಿದವರು ನೂರಕ್ಕೆ 40, ಎಡತುದಿಯದನ್ನು 12. ಕಾರಣ ಕೇಳಿದರೆ ನೇಯ್ಗೆ, ನಯ ಎಂದೆಲ್ಲ ಹೇಳಿದರು. ಇಟ್ಟ ಜಾಗದ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ, ಕೆದಕಿ ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಅಲ್ಲಗಳೆದರು. ಹಾಗಾದರೆ ಆ ನೀಲಿ ಅಂಚನ್ನಾದರೂ ನಾನು ಆರಿಸಿದ್ದೆನೇ?

ಈ ಕಾರಣ ಹೆಣೆಯುವ ಕೆಲಸ ಮಿದುಳಿನ ಎಲ್ಲಿ ನಡೆಯುತ್ತದೆ ಎಂಬುದಕ್ಕೂ ಒಂದು ಸುಳಿವಿದೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಮಿದುಳಿನ ಎರಡು ಹೋಳುಗಳ ನಡುವಿನ ಸೇತುವೆಯನ್ನು ಕತ್ತರಿಸಿದ ರೋಗಿಯೊಬ್ಬನಿಗೆ ಮೈಕೆಲ್ ಗಜಾನಿಗಾ ಮತ್ತು ಜೋಸೆಫ್ ಲೆಡೂ ಏಕಕಾಲಕ್ಕೆ ಎರಡು ಚಿತ್ರ ತೋರಿಸಿದರು. ಮಾತಾಡುವ ಎಡ ಹೋಳಿಗೆ ಕೋಳಿಯ ಕಾಲು, ಬಲ ಹೋಳಿಗೆ ಹಿಮ ಬಿದ್ದ ಅಂಗಳ. ಹೊಂದುವ ಚಿತ್ರ ತೋರಿಸು ಎಂದಾಗ ಬಲಗೈ ಕೋಳಿಯನ್ನೂ, ಬಲ ಹೋಳಿನ ಮಾತು ಕೇಳುವ ಎಡಗೈ ಸಲಿಕೆಯನ್ನೂ ತೋರಿಸಿತು. ಸಲಿಕೆ ಯಾಕಪ್ಪ ಎಂದರೆ, ಹಿಮವನ್ನು ಕಂಡೇ ಇರದ ಎಡ ಹೋಳು ತಡವರಿಸದೆ ಉತ್ತರಿಸಿತು: ಕೋಳಿಗೂಡು ಬಳಿಯಲು ಸಲಿಕೆ ಬೇಕಲ್ಲ. ನನ್ನ ಎರಡೂ ಹೋಳುಗಳ ನಡುವಿನ ಸೇತುವೆ ನೆಟ್ಟಗಿದೆ. ಆದರೂ ಅಮ್ಮನ ಸೀರೆಯ ಅಂಚು ನನ್ನ ಕೋಳಿಗೂಡಿನ ಸಲಿಕೆಯೇ ಇರಬೇಕು.

ಹೋಗುವವರಿಗೆ ಎರಡು ಮಾತು: ವಾರದ ನಡುವೆ, ಬೆಳಿಗ್ಗೆ ಹತ್ತೂವರೆಯೊಳಗೆ ಹೋಗಿ. ಆರಿಸಿದ ಪ್ರತಿ ಸೀರೆಯನ್ನೂ ಮೊಬೈಲ್‌ನಲ್ಲಿ ಹಿಡಿದಿಟ್ಟುಕೊಂಡು, ಪೊಟ್ಟಣ ಕಟ್ಟುವಾಗ ಚಿತ್ರದ ಪಕ್ಕದಲ್ಲಿಟ್ಟು ನೋಡಿ. ಬಿಲ್ಲಿದ್ದರೆ ಏಳು ದಿನದೊಳಗೆ ಬದಲಾಯಿಸಿಕೊಡುತ್ತಾರೆ.

ನಾನೂ ಮೂರನೆಯ ದಿನ ಅಂಗಡಿಗೆ ಫೋನ್ ಮಾಡಿದೆ. ಹಸಿರು ಅಂಚನ್ನು ವಾಪಸ್ ಕೊಡಬೇಕಲ್ಲ ಎಂದು ಮನಸ್ಸು ಆಗಲೇ ಚುರುಗುಟ್ಟುತ್ತಿತ್ತು. ಸಂಜೆ ಗಾದಿಯ ಅದೇ ಕೆಲಸಗಾರರು ತಾವಾಗಿಯೇ ಕರೆ ಮಾಡಿದರು. ನನ್ನ ಸೀರೆ ಹರಿಹರದ ಒಂದು ಮನೆಗೆ ಹೋಗಿದೆ, ಅವರನ್ನು ವಿಚಾರಿಸಿಯೂ ಆಯಿತು ಎಂದರು.

"ಅವರು ಏನಂದರು?"

"ಅದಲುಬದಲು ಏನೂ ಆಗಿಲ್ಲ ಎನ್ನುತ್ತಾರೆ ಅಕ್ಕಾ. ನೀಲಿ ಅಂಚೇ ಬೇಕೆಂದು ಮನೆಯಿಂದ ಯೋಚಿಸಿಕೊಂಡೇ ಬಂದಿದ್ದರಂತೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ನಾನೇ, ಇರಲಿ ಬಿಡಿ, ಹಸಿರು ನನಗೆ ಒಪ್ಪುತ್ತದೆ ಎಂದೆ.

"ನಾನು ಅವತ್ತೇ ಹೇಳಬೇಕೆಂದಿದ್ದೆ ಅಕ್ಕಾ" ಎಂದರು ಅವರು.